ಮೈನಸ್ ನಾಲ್ಕೂಕಾಲು

ಕನ್ನಡಕ ಹಾಕಿಕೊಂಡು ಬೇಸಿನ್ ಮುಂದೆ ಕೂತರೆ
ಮೊದಲ ಹಬೆಗೇ ಲೋಕ ಬಿಳಿ.
ಸೆರಗಲ್ಲಿ ಒರೆಸು, ಹಾಕು, ಮತ್ತೆ ಬಿಳಿ.
ಅಷ್ಟರಲ್ಲಿ ಎಂಟು ಗೂಡಿನಲ್ಲಿ ಮೂರರ ಎಳೆ ಹರಿದು
ನೂಲು ತೆಳ್ಳಗಾಗುತ್ತದೆ,
ಅಮೀರ್‌ಜಾನ್ ಸಾಬರ ದನಿ ದಪ್ಪಗಾಗುತ್ತದೆ.

ಶಿಡ್ಲಘಟ್ಟದಲ್ಲಿ ಹನ್ನೊಂದು ವರ್ಷ ನೂಲು ಬಿಚ್ಚಿದವಳು ನಾನು,
ಮುನಿಚೌಡಮ್ಮನ ಸೊಸೆ, ಮೈನಸ್ ನಾಲ್ಕೂಕಾಲು.
ಚೀಟಿ ದುಡ್ಡು ಎತ್ತಿ
ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಲೆನ್ಸ್ ಕೊಂಡೆ.

ಬೆರಳ ತುದಿಯಲ್ಲಿ ಅದು ಕೂತ ಬಗೆ
ಹಿತುಕಿದ ಅವರೆಯ ಸಿಪ್ಪೆ ಕೂತಂತೆ.
ಹದಿನೇಳು ಸಲ ಜಾರಿತು.
ಶಾಹಿದಾ ಬಿದ್ದು ಬಿದ್ದು ನಕ್ಕಳು:
'ಸಾರಿಗೆ ಹಾಕೋದನ್ನ ಕಣ್ಣಿಗೆ ಹಾಕ್ಕೊತೀಯೇನೇ?'

ಹದಿನೆಂಟನೇ ಸಲ ಕೂತಿತು.
ಹಬೆಯ ನಡುವೆ ಒಂದೊಂದೇ ಎಳೆ,
ಹುಳು ತಲೆಯಾಡಿಸಿ ಸುತ್ತಿದ ಎಂಟರ ಸುಳಿ,
ಬಾಗಿಲಾಚೆ ನಿಂತ ಆಟೋದ ನಂಬರು,
ಶಾಹಿದಾಳ ಗಲ್ಲದ ಮೇಲೆ ಹಳೇ ಸುಟ್ಟ ಕಲೆ.
ಇಷ್ಟು ವರ್ಷ ಅದನ್ನು ನೆರಳು ಅಂದುಕೊಂಡಿದ್ದೆ.

ಅಂಗಡಿಯವನು ಎಲ್ಲ ಹೇಳಿದ್ದ. ಕೇಳುವ ಪುರುಸೊತ್ತು ನನಗಿರಲಿಲ್ಲ.
ಗೂಡಿನ ಗೋಂದು ಬೆರಳನ್ನು ಬಿಡುವುದಿಲ್ಲ;
ಎರಡು ಸಲ ಸೋಪು ಹಾಕಿದರೂ ಉಗುರ ಸಂದಿಯಲ್ಲಿ ಉಳಿದು
ಕಣ್ಣಿಗೆ ಹೋಗಿ ಉರಿಯುತ್ತದೆ.
ಬಾಟಲಿ ಖಾಲಿಯಾದ ದಿನ ನಲ್ಲಿಯಲ್ಲೇ ತೊಳೆದೆ.
ಸಾವಿರದಿನ್ನೂರು ಅಡಿಯ ಬೋರ್‌ವೆಲ್ ನೀರು,
ಚೊಂಬಿನ ತಳಕ್ಕೆ ಬಿಳಿ ಕಟ್ಟುವ ನೀರು.
ಮಾರನೇ ರಾತ್ರಿ, ಎರಡು ಪಾಳಿ ಮುಗಿಸಿ, ಹಾಗೇ ಮಲಗಿಬಿಟ್ಟೆ.

ಬೆಳಗ್ಗೆ ಕಣ್ಣೊಳಗೆ ಯಾರೋ ಮರಳಿನ ಲಾರಿ ಖಾಲಿ ಮಾಡಿದ್ದರು.
ಅತ್ತೆ ಒಳಲೆ ಹಿಡಿದು
ಪಕ್ಕದ ಮನೆ ಬಾಣಂತಿಯ ಹತ್ತಿರ ಹಾಲು ಕೇಳಲು ಹೊರಟರು.
ನಾನು ಕರವಸ್ತ್ರ ಒತ್ತಿಕೊಂಡು
ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಸಣ್ಣ ವಯಸ್ಸಿನ ಡಾಕ್ಟರಮ್ಮ ಹಳದಿ ಹನಿ ಬಿಟ್ಟು
ನೀಲಿ ದೀಪದಲ್ಲಿ ನೋಡಿ
ಬಹಳ ಹೊತ್ತು ಸುಮ್ಮನಿದ್ದರು.
'ಗುಡ್ಡೆ ಮೇಲಿನ ಗಾಜಿಗೆ ರಕ್ತನಾಳ ಇಲ್ಲಮ್ಮ.
ಗಾಳಿಯಿಂದಾನೇ ಅದು ಉಸಿರಾಡೋದು.
ರಾತ್ರಿಯೆಲ್ಲ ಮುಚ್ಚಿಟ್ಟು ಉಸಿರು ಕಟ್ಟಿಸಿದ್ದೀರ.'

ಉಸಿರು ಕಟ್ಟಿಸುವುದು.
ದಿನಾ ಆರಕ್ಕೆ ಗೂಡಿನ ತಟ್ಟೆಯನ್ನು ಹಬೆಗೆ ನೂಕುವವಳು ನಾನೇ;
ಒಳಗಿನದು ಚಿಟ್ಟೆಯಾಗಿ ಹೊರಬಂದರೆ ಎಳೆ ಕೆಡುತ್ತದಲ್ಲ.
ಅದರ ಕಡೆಯಿಂದ ಯಾವತ್ತೂ ಯೋಚಿಸಿದ್ದಿಲ್ಲ.
ಆವತ್ತೂ ಪೂರ್ತಿ ಯೋಚಿಸಲಿಲ್ಲ.
'ಔಷಧಿ ಎಷ್ಟಾಗುತ್ತೆ ಮೇಡಂ?' ಅಂದೆ.

ಗಂಟೆಗೊಂದು ಹನಿ. ಮೊದಲ ವಾರ ಕೂಲಿಯಿಲ್ಲ.
ಆಮೇಲೆ ಮಂಜು ಕಟ್ಟಿದ ಕನ್ನಡಕ ಮೊಳೆಗೆ ಸಿಗಿಸಿ
ಬಿಸಿನೀರಲ್ಲಿ ಬೆರಳಾಡಿಸಿದೆ.
ತುದಿ ತಾನಾಗಿ ಬಂದು ಅಂಟಿತು.
ಬೆರಳಿಗೆ ಕೆಲಸ ಗೊತ್ತಿತ್ತು,
ಕಣ್ಣು ಇಷ್ಟು ದಿನ ಬರೀ ಮೇಸ್ತ್ರಿಯೋ ಏನೋ.

ಈಗ ಮತ್ತೆ ಹಾಕುತ್ತೇನೆ, ಆರು ಗಂಟೆ, ಹೆಚ್ಚಿಲ್ಲ.
ನೂಲು ನೋಡುತ್ತ ನೋಡುತ್ತ
ರೆಪ್ಪೆ ಬಡಿಯುವುದನ್ನೇ ಮರೆತಿದ್ದೆನಂತೆ.
ಅದಕ್ಕೇ ಗಂಟಿಗೊಂದು ಸಲ ಬಡಿಯುತ್ತೇನೆ.
'ಏನಮ್ಮ, ಯಾರಿಗೆ ಕಣ್ಣು ಹೊಡೀತಿದ್ದೀಯ?' ಅನ್ನುತ್ತಾರೆ ಸಾಬರು.

ರಾತ್ರಿ ಕೈ ತೊಳೆದು, ಒರೆಸಿ, ಕಳಚಿ
ಡಬ್ಬಿಗೆ ಹಾಕಿ ಹೊಸಿಲ ಮೇಲೆ ಕೂರುತ್ತೇನೆ.
ಬೀದಿ ಕಂಬದ ದೀಪ
ಸುತ್ತಲೂ ಜುಂಗೆದ್ದ ಹಳದಿ ಗೂಡು.
ತುದಿ ಎಲ್ಲಿದೆ ಅಂತ ಹುಡುಕುವುದಿಲ್ಲ.
ಇರಲಿ ಹಾಗೇ,
ಒಳಗೆ ಏನಿದೆಯೋ.