ಎಡರೆಕ್ಕೆಯ ತೇಪೆ

ಐದಕ್ಕೊಂದು ಅಳತೆ.
ಆದರೂ ರೆಕ್ಕೆ ಗ್ಯಾರೇಜಿನ ಬಾಗಿಲಿಂದ
ಹಳೇ ಫ್ರಿಜ್ಜಿನವರೆಗೆ ಚಾಚಿದೆ.
ಬಾಲ್ಸಾಕ್ಕೆ ಮರವೆಂಬ ಹೆಸರಷ್ಟೇ,
ಬೆರಳಿಗೆ ಹಪ್ಪಳ.
ಪಕ್ಕೆಲುಬು ಇಪ್ಪತ್ತೆರಡು, ಒಂದೊಂದಕ್ಕೂ ಪೆನ್ಸಿಲಿನ ನಂಬರು.
ಏಳನೆಯದನ್ನು ಕೊಯ್ಯುವಾಗ ಬ್ಲೇಡು ಜಾರಿ
ಹೆಬ್ಬೆರಳ ರಕ್ತ ಹೀರಿತು ಮರ. ಹಾಗೇ ಅಂಟಿಸಿದೆ,
ಹೊದಿಕೆ ಬಂದ ಮೇಲೆ ಯಾರು ನೋಡುತ್ತಾರೆ?

ರಿವೆಟ್ಟುಗಳಿಗೆ ಬಿಳಿ ಅಂಟು,
ಕುರಿಗೆ ಚುಚ್ಚುವ ಸಿರಿಂಜಿನಲ್ಲಿ.
ಒಂದು ಹನಿ ಒಂದು ರಿವೆಟ್ಟು.
ಮೂರು ಸಾವಿರ ದಾಟಿದ ಮೇಲೆ ಎಣಿಕೆ ಬಿಟ್ಟೆ.
ತೈಹಾಪೆಯ ಗುಡ್ಡಗಳ ಮೇಲೆ ಹಿಮ
ಬಿದ್ದು ಕರಗಿ, ಬಿದ್ದು ಕರಗಿ, ಚಳಿಗಾಲ ಕಳೆಯಿತು.

ನಾನು ಪೈಲಟ್ಟಲ್ಲ, ಗೊಬ್ಬರ ತುಂಬುತ್ತಿದ್ದವನು.
ಫ್ಲೆಚರ್ ಇಳಿದು, ತಿರುಗಿ, ನಿಂತೂ ನಿಲ್ಲದ ಅರೆನಿಮಿಷದಲ್ಲಿ
ಲೋಡರಿನ ಬಕೆಟ್ಟೆತ್ತಿ ಅದರ ಬೆನ್ನೊಳಗೆ ಸುರಿದು
ಹಿಂದೆ ಸರಿದು ಕೈಯೆತ್ತಿದರೆ
ಹೇಮಿ ಪರಾಟಾ ಗುಡ್ಡದ ಅಂಚಿನಿಂದ
ಬೀಳುವವನ ಹಾಗೆ ಹಾರುತ್ತಿದ್ದ.
ದಿನಕ್ಕೆ ಎಂಬತ್ತು ಸಲ.
ಇಬ್ಬರ ಹುಬ್ಬಿಗೂ ಒಂದೇ ಬೂದು ಹುಡಿ,
ಬ್ರೆಡ್ಡು ಕಚ್ಚಿದರೂ ಅದೇ ಹುಳಿ.

ಎಂಬತ್ತಾರರ ಮಾರ್ಚಿ. ಗಾಳಿ ಬೆನ್ನಿಗೆ ತಿರುಗಿದ ಬೆಳಗು.
ಏಳಬೇಕಾದಲ್ಲಿ ಏಳಲಿಲ್ಲ ವಿಮಾನ, ಎದ್ದದ್ದು ಸಾಲಲಿಲ್ಲ,
ಬೇಲಿಯ ಗೂಟ ಎಡರೆಕ್ಕೆಯನ್ನು ಸೀಳಿತು.
ಹೊಟ್ಟೆಯ ಗೊಬ್ಬರವನ್ನೆಲ್ಲ ಕಣಿವೆಗೆ ಚೆಲ್ಲಿ
ಹೇಗೋ ಸುತ್ತುಹಾಕಿ ಇಳಿದ.
ಒಂದು ಬಕೆಟ್ಟು ಹೆಚ್ಚು ತುಂಬಿದೆ, ಎಂದ.
ನೀನೇ ಕೇಳಿದ್ದು, ಎಂದೆ.
ಸಂಜೆ ತಗಡು ಕತ್ತರಿಸಿ ನಾನೇ ತೇಪೆ ಹಾಕಿದೆ,
ಬಣ್ಣ ಕಾಣದ ತೇಪೆ. ಅವನು ದೀಪ ಹಿಡಿದು ನಿಂತಿದ್ದ.
ಆಮೇಲೆ ಮಾತಿಲ್ಲ.

ಎಲ್ಲ ಮುಗಿದು ಸೀಟು ಉಳಿಯಿತು.
ಅದರ ಬಣ್ಣಕ್ಕೆ ಪುರಾವೆ ಬೇಕು. ಫೋನು ಮಾಡಿದೆ.
ವೈಮಾರಿ ಎತ್ತಿದಳು.
'ಸೀಟು ಯಾವ ಬಣ್ಣ ಅಂತ ಕೇಳ್ತಿದಾನೆ' ಎಂದು ಒಳಗೆ ಕೂಗಿದಳು.
ಟೀವಿಯ ರಗ್ಬಿ. ಕುರ್ಚಿ ಕಿರ್ರೆಂದದ್ದು.
'ಕೆಂಪಂತೆ.'
ಇಷ್ಟು ವರ್ಷವೂ ನನಗೆ ಅದು ನೀಲಿ,
ಆಣೆ ಮಾಡಿ ಹೇಳುವಷ್ಟು ನೀಲಿ.
ಸೀಟೇ ನೀಲಿಯಲ್ಲದಿದ್ದರೆ
ಆ ಬಕೆಟ್ಟಿನ ಲೆಕ್ಕ
ಕೆಂಪು ಬಳಿದೆ. ಎರಡು ಕೋಟು.

ಸ್ಪರ್ಧೆಯ ದಿನ ತೀರ್ಪುಗಾರ್ತಿ ಡೆಲ್ವಿನ್ ಗಿಲ್‌ಕ್ರಿಸ್ಟ್
ಕನ್ನಡಕ ಮೂಗಿನ ತುದಿಗಿಳಿಸಿ
'ಈ ತೇಪೆಯ ಫೋಟೋ?' ಎಂದಳು.
ಇಲ್ಲ.
ನಾಲ್ಕು ಅಂಕ ಹೋಯಿತು. ಪಾಪ, ಬೇಸರದಿಂದಲೇ ಕಳೆದಳು.
ಹತ್ತು ನಿಮಿಷವಿದೆ, ಬಿಳಿ ಬಣ್ಣ ತಾಗಿಸಿದರೆ ನೋಡದಂತಿರುತ್ತೇನೆ ಎಂದಳು.
ಬೇಡ ಎಂದೆ.

ಮೂಗಿಗೆ ಸೀಸ, ನಾನೂರ ಮೂವತ್ತು ಗ್ರಾಂ.
ಹೊಟ್ಟೆಗೆ ಎರಡು ಲೋಟ ಸುಣ್ಣದ ಹುಡಿ,
ಸ್ಕೇಲಿನಿಂದ ಗೀರಿ ಗೀರಿ ಮಟ್ಟಮಾಡಿದ್ದು.
ರೆಕ್ಕೆ, ಚಕ್ರ, ಸೀಟು, ಬೋಲ್ಟು, ಎಲ್ಲವನ್ನೂ ಐದರಿಂದ ಭಾಗಿಸಿದ್ದೆ.
ಗಾಳಿಯನ್ನು ಭಾಗಿಸಲಾಗುವುದಿಲ್ಲ,
ಗಿಡ್ಡ ರೆಕ್ಕೆಗೂ ಬೀಸುವುದು ಇಡೀ ಗಾಳಿಯೇ.
ಕಡ್ಡಿ ಹಿಡಿದ ಹೆಬ್ಬೆರಳುಗಳು ನಡುಗಿದವು.
ಓಡಿತು, ಹಾರಿತು, ಬಾಗಿತು,
ಸುಣ್ಣ ಬಿಟ್ಟಿತು, ಹುಲ್ಲಿಗೆ ಒಂದು ಬಿಳಿ ಗೆರೆ.
ಇಳಿಯುವಾಗ ಎರಡು ಸಲ ಕುಪ್ಪಳಿಸಿತು.

'ಹುಡಿ ಬೇಗ ಬಿಟ್ಟೆ.'
ಬೆನ್ನ ಹಿಂದೆ ಹೇಮಿ. ಕೈಯಲ್ಲಿ ಊರುಗೋಲು.
ಮಂಡಿ ಊರಲಾರದೆ ಊರಿ, ಕೆಂಪು ಸೀಟನ್ನು ನೋಡದೆ
ನೇರ ಎಡರೆಕ್ಕೆಗೆ ಬಂದ.
ತೇಪೆಯ ಸುತ್ತ ಉಗುರಿನಿಂದ ಎಣಿಸಿದ.
'ಹದಿನಾಲ್ಕು ಹಾಕಿದೀಯ. ಹದಿಮೂರು.
ಒಂದು ಕತ್ತಲಲ್ಲಿ ಬಿದ್ದುಹೋಯ್ತು, ನೀನು ಬೈದೆ,
ದೀಪ ಹಿಡಿದವನು ನಾನು.'

ಯಾವುದು ಎಂದು ಕೇಳಿದೆ.
ಮೂಲೆಯದು ಎಂದ.
ಅಂಟು ಒಣಗಿ ಆರು ತಿಂಗಳು.
ಕೆರೆದೆ, ಬಂತು.