ನೀಲವಲ್ಲದ ನೀಲಿ

ನಾಹೆ ನದಿಯ ದಡಕ್ಕೆ ಬೆನ್ನುಕೊಟ್ಟ ಅಂಗಡಿ ನನ್ನದು.
ರೋಸ್ವಿಥಾ ಬಂದಳು, ಕರವಸ್ತ್ರ ಬಿಚ್ಚಿ ಬ್ರೂಚ್ ಇಟ್ಟಳು:
'ಅಜ್ಜ ಮೆಂಡಿಗ್‌ನ ಕ್ವಾರಿಯಲ್ಲಿ ಕೂಲಿ.
ಅಜ್ಜಿ ಮಾತ್ರ ಸಾಯುವತನಕ ಇದನ್ನು ನೀಲ ಎಂದಳು.'

ಬೆಳ್ಳಿಯ ಹಲ್ಲು ಕಚ್ಚಿ ಹಿಡಿದಿದೆ, ತೂಗುವಂತಿಲ್ಲ.
ಗೀರುವುದಂತೂ ಸಲ್ಲ.
ಒಳಗೆ ಬೆಳಕು ಬಿಟ್ಟೆ. ನೀಲದಲ್ಲಿ ಎರಡಾಗಬೇಕಿತ್ತು,
ಆಗಲಿಲ್ಲ.
ಮಾಪಕದಲ್ಲಿ ಒಂದೂವರೆ.
ಗಾಜಿನ ಲೆಕ್ಕ ಅದು.

ಹೇಳಲೆಂದು ಬಾಯಿ ತೆರೆದರೆ
ಅವಳು ಆಗಲೇ ಕೋಟಿನ ಗುಂಡಿ ಹಾಕುತ್ತಿದ್ದಳು,
ಉತ್ತರವನ್ನು ಮನೆಯಿಂದಲೇ ತಂದವಳಂತೆ.

ಆದರೆ ಲೂಪಿನಡಿ ಗುಳ್ಳೆ ಒಂದೂ ಇಲ್ಲ.
ಇದ್ದವು ಸಾಸಿವೆಯ ಸಿಪ್ಪೆಗಿಂತ ಸಣ್ಣ ಹರಳು,
ದಿಕ್ಕೆಟ್ಟು ನಿಂತು.
'ತಾಳಿ' ಎಂದೆ. ಪರದೆ ಎಳೆದು
ನೇರಳಾತೀತ ದೀಪ ಹಚ್ಚಿದೆ.

ಕಿತ್ತಳೆ.
ಇಡೀ ನೀಲಿ ಕಿತ್ತಳೆಯಾಗಿ ಉರಿಯಿತು.

ಹೌಯಿನ್. ಐಫೆಲ್ ಜ್ವಾಲಾಮುಖಿಯ ಕೂಸು.
ಬೀಸುಕಲ್ಲಿಗೆ ಬಂಡೆ ಸೀಳುವಾಗ ಸಿಡಿದಿರಬೇಕು.
ಇಷ್ಟು ದಪ್ಪದ್ದು ನಲವತ್ತು ವರ್ಷದಲ್ಲಿ ಎರಡನೆಯದು;
ನೀಲವಾದರೆ ವಾರಕ್ಕೊಂದು ಬರುತ್ತದೆ.

'ಅಂದರೆ ನೀಲ ಅಲ್ಲ,' ಕತ್ತಲಲ್ಲಿ ಅವಳ ದನಿ.
ಅಲ್ಲ.
'ಊಟದ ಡಬ್ಬಿಯಲ್ಲಿ ಬಚ್ಚಿಟ್ಟು ತಂದನಂತೆ,
ಬ್ರೆಡ್ಡಿನ ಚೂರಿನೊಳಗೆ.'
ಆಮೇಲೆ, ತುಸು ತಡೆದು,
'ದೀಪ ಈಗಲೇ ಆರಿಸಬೇಡಿ.'