ಪಡೆದವರು: ಸ್ವತಃ

ಪಾರ್ಸಲ್ ಮುಟ್ಟೈತಂತ ನನಗ.
ಮೊಬೈಲಿಗೆ ಬಂತು ಸುದ್ದಿ, ಹನ್ನೊಂದು ನಲವತ್ತಕ್ಕ.
ಪಡೆದವರು: ಸ್ವತಃ.
ಆಗ ನಾನು ಬಾಗಲ್ದಾಗಽ ಕುಂತಿದ್ದೆ,
ಹೊಲಿಗಿ ಮಷೀನಿನ ಹೊಟ್ಟಿ ಬಿಚ್ಚಿ,
ಸುಟ್ಟ ಮೋಟಾರು ತೊಡಿ ಮ್ಯಾಲ ಇಟ್ಕೊಂಡು.
ಓಣ್ಯಾಗ ಬಂದಾಂವ ಒಬ್ಬನಽ,
ಉಳ್ಳಾಗಡ್ಡಿ ಮಾರಾಂವ.

ಹದಿನಾಕು ಕುಪ್ಪಸ ಬಾಕಿ ಅದಾವು.
ಮದುವಿ ಸೋಮವಾರ. ಬೀಗರ ಕುಪ್ಪಸ ಬ್ಯಾರೆ.
ಖಣದ ತುಂಡು ಒಂದರ ಮ್ಯಾಲೊಂದು ಮಡಚಿ ಕುಂತು
ನನ್ನನ್ನಽ ನೋಡಾಕತ್ತಾವು.

ಫೋನು ಹಚ್ಚಿದೆ. ಹುಡುಗ ದಾವಲ್ ಎತ್ತಿದ:
"ಕೊಟ್ಟೀನ್ರಿ ಅಕ್ಕಾರ, ಫೋಟೋನೂ ಹೊಡದೀನ್ರಿ."
ಹಿಂದ ಲಾರಿ ಹಾರ್ನು, ಗಾಳಿ.
"ಯಾರ ಕೈಯಾಗಪಾ?"
"ನಿಮ್ಮ ಕೈಯಾಗಽ ರೀ."
ಕಟ್.

ಫೋಟೋದಾಗ ಒಂದು ಹಸರ ಗೇಟು,
ಒಳಗ ಒಂದು ಕಾಲ್ಮರಿ, ಒಂದಽ,
ಮೂಲ್ಯಾಗ ಅವನ ಹೆಬ್ಬಟ್ಟು.
ನನ್ನ ಗೇಟು ತಗಡಿಂದು. ಅದಕ್ಕ ಬಣ್ಣಽ ಇಲ್ಲ.

ನವನಗರ ಅಂದ್ರ ಹಿಂಗಽ ನೋಡ್ರಿ:
ಓಣಿ ನೀರಿಗೆ ಕೊಟ್ಟು ನಂಬರ ತಗೊಂಡ ಮಂದಿ ನಾವು.
ನಲವತ್ಮೂರನೇ ಸೆಕ್ಟರ್ ಮೂವತ್ನಾಲ್ಕು ಆಗಾಕ
ಒಬ್ಬನ ಕಣ್ಣು ಒಮ್ಮೆ ಮಿಟುಕಿದ್ರ ಸಾಕು.

ಹಳೇ ಊರಾಗ ಸುಖಾ ಇತ್ತು ಅನ್ನಂಗಿಲ್ಲ ನಾನು.
ಅಲ್ಲಿ ಟಪಾಲ ತರತಿದ್ದ ಹೊಳೆಬಸಪ್ಪ
ಪಾಕೀಟು ಒಡದು, ಓದಿ, ಓಣಿಗೆಲ್ಲಾ ಹೇಳಿ,
ಕಡೀಕ ನಮಗ ಕೊಡತಿದ್ದ.
ನೋಡಾಕ ಬಂದಿದ್ದ ಗಂಡು ನನ್ನ ಒಲ್ಲೆ ಅಂದದ್ದು
ನನಗಿಂತ ಮೊದಲು ಗಿರಣಿಯಾಂವಗ ಗೊತ್ತಾಗಿತ್ತು.
ಆದ್ರೂ, ಮುಟ್ಟತಿತ್ತು.

ಇಲ್ಲಿ ಮುಟ್ಟಿದ್ದು ಯಾರಿಗೆ?
ಹ್ವಾದ ವರ್ಷ ವಿಮಾ ಕಂಪನಿ ಕಾಗದ, ಪಡೆದವರು ಸ್ವತಃ.
ಶ್ರಾವಣದಾಗ ತಂಗಿ ಕಳಿಸಿದ ಸೀರಿ, ಸ್ವತಃ.
ಸೊಂಟದ ಬೆಲ್ಟು, ಸ್ವತಃ.
ಹಂಗಾರ ಈ ಸ್ವತಃ ಅನ್ನಾಕಿ ಎಲ್ಲೋ ಅದಾಳ,
ನನ್ನ ಸೀರಿ ಉಟ್ಕೊಂಡು, ನನ್ನ ಬೆಲ್ಟು ಬಿಗದು,
ನೋವಿಲ್ದಂಗ ಕುಂತು
ಚಾ ಕುಡ್ಯಾಕತ್ತಾಳ.

ಬಿಸಲಾಗ ಹೊಂಟೆ ಫೋಟೋ ಹಿಡಕೊಂಡು.
ಹಸರ ಗೇಟು ಅದಾವ ಅಂದ್ರ ಅದಾವ!
ಒಂದಽ ಡಬ್ಬಿ ಬಣ್ಣ ಇಡೀ ಊರು ಹಂಚ್ಕೊಂಡಂಗ.
ಒಬ್ರು ನಾಯಿ ಬಿಟ್ರು. ಒಬ್ರು ನೀರು ಕೊಟ್ರು.
ಒಬ್ರು, "ನೀವು ಕೊರಿಯರ್‌ದವರೇನ್ರಿ?
ನಮ್ಮ ಮಿಕ್ಸರ್ ಎಲ್ಲೈತಿ?" ಅಂತ
ನನ್ನ ಮ್ಯಾಲಽ ಹರಿಹಾಯ್ದ್ರು.
ತಲಿ ತಗ್ಗಿಸಿ ಕೇಳಿಸ್ಕೊಂಡೆ.
ಪಾಪ, ಅವ್ರಿಗೂ ಬಯ್ಯಾಕ ಯಾರರೆ ಬೇಕಲ್ಲ.

ಮೂವತ್ನಾಲ್ಕು, ಪ್ಲಾಟು ನೂರಾ ಹನ್ನೆರಡು.
ಕಾಲ್ಮರಿ ಅಲ್ಲೇ ಐತಿ, ಒಂದಽ.
ಗೇಟಿನ ಸಳಿ ನಡುವ ಕಾಣತೈತಿ ಡಬ್ಬಿ,
ಡಬ್ಬಿ ಮ್ಯಾಲ ಬೆಕ್ಕು ಮಲಗೈತಿ,
ಬೆಕ್ಕಿನ ಬಾಲದ ಕೆಳಗ
ದೊಡ್ಡ ಅಕ್ಷರದಾಗ ನನ್ನ ಹೆಸರು.
ಕೈ ಹಾಕಿದೆ. ನಾಕು ಬಟ್ಟು ಕಡಿಮಿ ಬಿತ್ತು.

ಏನಂತ ಕರೀಲಿ? ಆ ಮನ್ಯಾಕಿ ಹೆಸರು ಗೊತ್ತಿಲ್ಲ.
ಅಲ್ಲಿ ಬರದಿದ್ದು ಒಂದಽ ಹೆಸರು.
"ಕಸ್ತೂರೆವ್ವಾ! ಕಸ್ತೂರೆವ್ವಾ ಮುರನಾಳ!
ಅದೀಯೇನಬೇ ಮನ್ಯಾಗ?"

ಬೆಕ್ಕು ಕಣ್ಣು ತೆರೀತು.
ಒಳಗ ಭಾಂಡೆ ತಿಕ್ಕೋ ಸಪ್ಪಳ ನಿಂತಿತು.
"ತಡಿಯವ್ವಾ,
ಬಂದ್ನಿ."